ನವೀಕರಣ ಕೆಟ್ಟಾಗ: ಮೊದಲು ಸರಕು, ಆಮೇಲೆ ಸಾಧನ

ಸಂಗೀತ ತಂತ್ರಾಂಶದ ದುರಸ್ತಿ ಸಣ್ಣ ಉದ್ದಿಮೆಗಳಿಗೆ ಕಲಿಸುವ ಪಾಠ

ಧಾರವಾಡ ಜಿಲ್ಲೆಗೆ ಸಂಗೀತದಿಂದ ಬಂದ ಕೀರ್ತಿ ಎಲ್ಲರಿಗೂ ತಿಳಿದ ಸಂಗತಿ. 1886ರಲ್ಲಿ ಕುಂದಗೋಳದಲ್ಲಿ ಜನಿಸಿದ ರಾಮಭಾವು ಕುಂದಗೋಳಕರ ಅವರು ‘ಸವಾಯಿ ಗಂಧರ್ವ’ರೆಂದು ಪ್ರಸಿದ್ಧರಾಗಿ, ಗಂಗೂಬಾಯಿ ಹಾನಗಲ್ಲ ಹಾಗೂ ಭೀಮಸೇನ ಜೋಶಿ ಅವರಂಥ ಶಿಷ್ಯರನ್ನು ತಯಾರು ಮಾಡಿದರು. ಅದೇ ತಾಲ್ಲೂಕಿನ ಯಲಿವಾಳವು ಪಂಡಿತ ಬಸವರಾಜ ರಾಜಗುರು ಅವರ ಹುಟ್ಟೂರು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಸೀಮೆಯ ಶಾಸ್ತ್ರೀಯ ಹಾಗೂ ಜಾನಪದ ಗಾಯಕರಿಗೆ ಧ್ವನಿಮುದ್ರಣದ ಪರಿಚಯವೂ ಹತ್ತಿರದಲ್ಲೇ ದೊರೆಯಿತು.

ಈ ಪರಂಪರೆಯ ಮಗ್ಗುಲಲ್ಲಿಯೇ ಒಂದು ಸಣ್ಣ ಉದ್ದಿಮೆ ಬೆಳೆದು ನಿಂತಿದೆ. ವಾಣಿಜ್ಯ ವಲಯದ ಲೆಕ್ಕಪತ್ರಗಳಲ್ಲಿ ಅದು ಎದ್ದು ಕಾಣುವುದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳಲ್ಲಿ ಮದುವೆ, ಜಾತ್ರೆಗಳಿಗೆ ಮೈಕ್ ಸೆಟ್ ಒದಗಿಸುವವರು, ಮದುವೆಯ ವಿಡಿಯೊಗೆ ಹಾಡು ಜೋಡಿಸುವ ಸ್ಟುಡಿಯೊದವರು, ಭಜನಾ ಮಂಡಳಿಗಳ ಪದ, ಡೊಳ್ಳಿನ ಪದ, ಗೀಗೀ ಪದ, ಮೊಹರಂ ರಿವಾಯತ್ ಪದಗಳನ್ನು ಧ್ವನಿಮುದ್ರಿಸಿಕೊಡುವವರು ಈ ಉದ್ದಿಮೆಗೆ ಸೇರಿದವರು. ಕ್ಯಾಸೆಟ್ಟಿನ ಕಾಲ ಮುಗಿಯಿತು, ಸಿ.ಡಿ.ಯ ಕಾಲವೂ ಮುಗಿಯಿತು. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲ ಬಂದು ಹೋಗಿ, ಈಗ ಹಾಡುಗಳು ನೇರವಾಗಿ ಯೂಟ್ಯೂಬನ್ನು ಸೇರುತ್ತಿವೆ. ಈ ಎಲ್ಲ ಬದಲಾವಣೆಗಳ ನಡುವೆ ಅಂಗಡಿಯ ಪ್ರಧಾನ ಯಂತ್ರವಾಗಿ ನಿಂತಿರುವುದು ಗಣಕಯಂತ್ರ. ಗಿರಣಿಗೆ ಮೋಟಾರು ಹೇಗೋ ಈ ಕಸುಬಿಗೆ ಗಣಕಯಂತ್ರವೂ ಅದರೊಳಗಿನ ಸಂಗೀತ ತಂತ್ರಾಂಶವೂ ಹಾಗೆ.

ಮೋಟಾರು ಸುಟ್ಟರೆ ರಿವೈಂಡಿಂಗ್ ಮಾಡಿಸಬಹುದೆಂಬುದು ಎಲ್ಲರಿಗೂ ಗೊತ್ತು. ಆದರೆ ನಿನ್ನೆ ಸಂಜೆಯವರೆಗೆ ಸರಿಯಾಗಿದ್ದ ಸಂಗೀತ ತಂತ್ರಾಂಶವು ರಾತ್ರಿ ತಾನಾಗಿಯೇ ನಡೆದ ಅಪ್‌ಡೇಟ್ ಅಥವಾ ನವೀಕರಣದಿಂದ ಬೆಳಿಗ್ಗೆ ತೆರೆಯದೇ ಹೋದರೆ ಏನು ಮಾಡಬೇಕು? ಈ ಪ್ರಶ್ನೆಗೆ ಸಿದ್ಧ ಉತ್ತರವಿಟ್ಟುಕೊಂಡ ಅಂಗಡಿಗಳು ವಿರಳ. ಉತ್ತರವಿಲ್ಲದ ಆ ಗಳಿಗೆಯಲ್ಲಿ ಕೈಗೊಳ್ಳುವ ಅವಸರದ ನಿರ್ಧಾರವು ನವೀಕರಣಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲದು.

ಸಂಕ್ರಾಂತಿಯ ರಾತ್ರಿ ಬಂದ ನವೀಕರಣ

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ತಂತ್ರಾಂಶದ ಭದ್ರತಾ ನವೀಕರಣಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತದೆ. ಅಮೆರಿಕದ ಮಂಗಳವಾರವೆಂದರೆ ನಮ್ಮಲ್ಲಿ ಮಂಗಳವಾರದ ರಾತ್ರಿ ಅಥವಾ ಬುಧವಾರ. 2025ರ ಜನವರಿಯಲ್ಲಿ ಆ ದಿನ 14ನೆಯ ತಾರೀಖಿಗೆ, ಅಂದರೆ ಮಕರ ಸಂಕ್ರಾಂತಿಯ ದಿನಕ್ಕೇ ಬಿದ್ದಿತು.

ಆ ನವೀಕರಣವನ್ನು ಪಡೆದ ವಿಂಡೋಸ್ 10 ಮತ್ತು ವಿಂಡೋಸ್ 11 ಗಣಕಯಂತ್ರಗಳ ಪೈಕಿ ಕೆಲವುಗಳಲ್ಲಿ ಯು.ಎಸ್.ಬಿ. ಮೂಲಕ ಜೋಡಿಸಿದ ಧ್ವನಿ ಸಾಧನಗಳು ಕೆಲಸ ನಿಲ್ಲಿಸಿದವು. ಯು.ಎಸ್.ಬಿ. 1.0 ಆಡಿಯೊ ಡ್ರೈವರ್ ಆಧಾರದ ಮೇಲೆ ನಡೆಯುವ ‘ಡಿ.ಎ.ಸಿ.’ ಸಾಧನಗಳಿಗೆ, ಅಂದರೆ ಗಣಕಯಂತ್ರದ ಅಂಕಿಗಳನ್ನು ಧ್ವನಿಯಾಗಿ ಪರಿವರ್ತಿಸುವ ಪುಟ್ಟ ಪೆಟ್ಟಿಗೆಗಳಿಗೆ, ಈ ತೊಂದರೆ ತಟ್ಟಿತು. ಸಾಧನವನ್ನು ಆರಂಭಿಸಲಾಗದು ಎಂಬ ‘ಕೋಡ್ 10’ ಸಂದೇಶ ಪರದೆಯ ಮೇಲೆ ಬರುತ್ತಿತ್ತು. ದೋಷವನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡು, ಸದ್ಯಕ್ಕೆ ಆ ಪೆಟ್ಟಿಗೆಯನ್ನು ಬಿಟ್ಟು ಸ್ಪೀಕರನ್ನು ನೇರವಾಗಿ ಗಣಕಯಂತ್ರಕ್ಕೇ ಜೋಡಿಸಬೇಕೆಂದು ಸಲಹೆ ನೀಡಿತು. ಪರಿಹಾರವು ಜನವರಿ 28ರಂದು ಬಿಡುಗಡೆಯಾದ ಮತ್ತೊಂದು ನವೀಕರಣದಲ್ಲಿ ಬಂದಿತು.

ಈ ಎರಡು ವಾರಗಳ ಮಹತ್ವವನ್ನು ಉತ್ತರ ಕರ್ನಾಟಕದ ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಸಂಕ್ರಾಂತಿಯೊಂದಿಗೆ ಧನುರ್ಮಾಸ ಮುಗಿದು, ತಡೆಹಿಡಿದಿದ್ದ ಶುಭಕಾರ್ಯಗಳು ಮತ್ತೆ ಆರಂಭವಾಗುವ ದಿನಗಳವು. ಅಂಥ ಸಾಧನವನ್ನೇ ನಂಬಿದ ಅಂಗಡಿಗೆ ಸುಗ್ಗಿಯ ಹೊಸ್ತಿಲಲ್ಲಿಯೇ ಕಣದ ಬಾಗಿಲು ಮುಚ್ಚಿದಂತೆ. ಇಲ್ಲಿ ಸಾಧನ ಕೆಟ್ಟಿರಲಿಲ್ಲ, ಸಂಗೀತ ತಂತ್ರಾಂಶವೂ ಕೆಟ್ಟಿರಲಿಲ್ಲ. ಅವೆರಡರ ನಡುವಿನ ಪದರೊಂದು ಮಾತ್ರ ಬದಲಾಗಿತ್ತು. ಇದನ್ನು ಅರಿಯದೆ ಹೊಸ ಸೌಂಡ್ ಕಾರ್ಡ್ ಖರೀದಿಸಿದವರ ಹಣ ವ್ಯರ್ಥ. ಇಡೀ ಗಣಕಯಂತ್ರವನ್ನೇ ಫಾರ್ಮ್ಯಾಟ್ ಮಾಡಿಸಿದವರ ಶ್ರಮವೂ ವ್ಯರ್ಥ, ಏಕೆಂದರೆ ಹೊಸದಾಗಿ ಹಾಕಿದ ವಿಂಡೋಸ್ ಮತ್ತೆ ಅದೇ ನವೀಕರಣವನ್ನು ತಾನಾಗಿಯೇ ಪಡೆದುಕೊಳ್ಳುತ್ತದೆ.

ಇದು ಮೊದಲ ಪ್ರಸಂಗವೇನೂ ಅಲ್ಲ. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ ನವೀಕರಣವು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಹೊರತಂದಿತು. ಅದೇ ಅಕ್ಟೋಬರ್ ತಿಂಗಳಲ್ಲಿ ಇಂಟೆಲ್ ಕಂಪನಿಯ ತಪ್ಪು ಧ್ವನಿ ಡ್ರೈವರೊಂದು ನವೀಕರಣದ ದಾರಿಯಲ್ಲಿ ಹಲವು ಗಣಕಯಂತ್ರಗಳಿಗೆ ತಲುಪಿ ಅವು ಮೂಕವಾದವು. 2019ರ ಅಕ್ಟೋಬರ್‌ನಲ್ಲಿ ಆಪಲ್ ಸಂಸ್ಥೆಯ ‘ಕ್ಯಾಟಲಿನಾ’ ಬಂದಾಗ 32 ಬಿಟ್ ತಂತ್ರಾಂಶಗಳೆಲ್ಲ ಆ ಯಂತ್ರಗಳಲ್ಲಿ ನಿರುಪಯುಕ್ತವಾದವು. ಐಟ್ಯೂನ್ಸ್ ಮರೆಯಾಗಿ ಅದರ ಹಾಡುಗಳ ಪಟ್ಟಿಯನ್ನು ನೆಚ್ಚಿಕೊಂಡಿದ್ದ ಡಿ.ಜೆ. ತಂತ್ರಾಂಶಗಳು ತೊಂದರೆಗೀಡಾದವು. ದೊಡ್ಡ ಸಂಸ್ಥೆಗಳಿಗೂ ಇದರಿಂದ ವಿನಾಯಿತಿ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಬರಹದಲ್ಲಿ ಬರೆದುಕೊಡಬೇಕಾಯಿತು.

ಸರಕು ಯಾವುದು, ಸಾಧನ ಯಾವುದು?

ವ್ಯಾಪಾರದಲ್ಲಿ ದಾಸ್ತಾನು ಬೇರೆ, ಯಂತ್ರ ಬೇರೆ. ಹತ್ತಿ ಗಿರಣಿಗೆ ಬೆಂಕಿ ತಗುಲಿದರೆ ಮೊದಲು ಹೊರತರುವುದು ಅರಳೆಯನ್ನು. ಯಂತ್ರದ ದುರಸ್ತಿ ಆಮೇಲಿನ ಮಾತು. ಸಂಗೀತದ ಅಂಗಡಿಯಲ್ಲಿ ಧ್ವನಿಮುದ್ರಿಕೆಯೇ ಅರಳೆ. ತಂತ್ರಾಂಶವನ್ನು ಮತ್ತೆ ಕೊಳ್ಳಬಹುದು, ಸೌಂಡ್ ಕಾರ್ಡನ್ನೂ ಮತ್ತೆ ಕೊಳ್ಳಬಹುದು. ಎಂಬತ್ತರ ಹರೆಯದ ಹಾಡುಗಾರ್ತಿಯೊಬ್ಬಳು ಒಂದೇ ಸಲ ಹಾಡಿದ ಬೀಸುಕಲ್ಲಿನ ಪದವನ್ನು ಯಾವ ಪೇಟೆಯಲ್ಲಿಯೂ ಮರಳಿ ಕೊಳ್ಳಲಾಗದು. ಮಂಡಳಿಯಿಂದ ಮುಂಗಡ ಪಡೆದು ಮುದ್ರಿಸಿದ ಭಜನೆ ಕಳೆದುಹೋದರೆ ಮುಂಗಡವನ್ನು ಮರಳಿಸಿದಷ್ಟಕ್ಕೆ ಹೊಣೆ ತೀರುವುದಿಲ್ಲ. ಊರಿನಲ್ಲಿ ಗಳಿಸಿದ ನಂಬಿಕೆ ಹೋಗುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಅದು ಸೇವಾ ನ್ಯೂನತೆಯ ದೂರಿಗೂ ದಾರಿಯಾಗಬಹುದು.

ಆದರೂ ಕಾರ್ಯತಃ ನಡೆಯುವುದು ಇದಕ್ಕೆ ವಿರುದ್ಧ. ತಂತ್ರಾಂಶ ತೆರೆಯಲಿಲ್ಲವೆಂದ ಕೂಡಲೇ ಪರಿಚಯದ ಹುಡುಗನನ್ನು ಕರೆಸಿ ‘ಫಾರ್ಮ್ಯಾಟ್ ಹೊಡೆಸುವುದು’ ಎಲ್ಲೆಡೆ ರೂಢಿಯಾಗಿದೆ. ಅನೇಕರ ಧ್ವನಿಮುದ್ರಿಕೆಗಳು ‘ಡೆಸ್ಕ್‌ಟಾಪ್’ ಮತ್ತು ‘ಡಾಕ್ಯುಮೆಂಟ್ಸ್’ ಎಂಬ ಜಾಗಗಳಲ್ಲಿಯೇ ಇರುತ್ತವೆ. ಇವೆರಡೂ ಸಾಮಾನ್ಯವಾಗಿ ‘ಸಿ’ ಡ್ರೈವಿನ ಭಾಗಗಳು. ಫಾರ್ಮ್ಯಾಟ್ ಮಾಡಿದಾಗ ಮೊದಲು ಅಳಿಯುವುದೂ ಇದೇ ‘ಸಿ’ ಡ್ರೈವ್. ನವೀಕರಣ ಕೆಡಿಸಿದ್ದು ಒಂದು ಕೊಂಡಿಯನ್ನು. ಫಾರ್ಮ್ಯಾಟ್ ನುಂಗಿದ್ದು ಇಡೀ ದಾಸ್ತಾನನ್ನು.

ದುರಸ್ತಿಯ ಕ್ರಮ

ಕೆಟ್ಟ ನವೀಕರಣದ ನಂತರ ಅನುಸರಿಸಬೇಕಾದ ಕ್ರಮವನ್ನು ಆರು ಹೆಜ್ಜೆಗಳಲ್ಲಿ ಹೇಳಬಹುದು.

1. ಕೈ ತಡೆಯುವುದು. ಪರದೆಯ ಮೇಲೆ ಬಂದ ಸಂದೇಶದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಯಾವ ದಿನ, ಯಾವ ನವೀಕರಣ ಆಯಿತೆಂಬುದನ್ನು ವಿಂಡೋಸ್‌ನ ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಈ ಒಂದು ಚೀಟಿ ಇದ್ದರೆ ಹುಬ್ಬಳ್ಳಿಯ ತಂತ್ರಜ್ಞರು ಫೋನಿನಲ್ಲಿಯೇ ಅರ್ಧ ಕೆಲಸ ಮುಗಿಸಬಲ್ಲರು.

2. ಸರಕನ್ನು ಹೊರತರುವುದು. ಏನನ್ನಾದರೂ ತೆಗೆಯುವ ಅಥವಾ ಮರಳಿ ಹಾಕುವ ಮುನ್ನ ಧ್ವನಿ ಕಡತಗಳು, ಪ್ರಾಜೆಕ್ಟ್ ಕಡತಗಳು, ಲೈಸೆನ್ಸ್ ಸಂಖ್ಯೆ ಇವೆಲ್ಲವನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕು. ಗಣಕಯಂತ್ರ ಆರಂಭವೇ ಆಗದಿದ್ದರೆ ಅದರ ಡಿಸ್ಕನ್ನು ಕಳಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿ ನಕಲು ತೆಗೆಯಲು ಸಾಧ್ಯವಿದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಸಂಖ್ಯೆ ಬೇಕಾಗುತ್ತದೆ. ಆದ್ದರಿಂದ ಆ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ಕ್ಷೇಮ.

3. ದೋಷದ ಪದರನ್ನು ಗುರುತಿಸುವುದು. ಧ್ವನಿಯು ಸಂಗೀತ ತಂತ್ರಾಂಶದಿಂದ ಹೊರಟು ವಿಂಡೋಸ್, ಡ್ರೈವರ್, ಸೌಂಡ್ ಕಾರ್ಡ್, ತಂತಿಗಳನ್ನು ದಾಟಿ ಸ್ಪೀಕರನ್ನು ತಲುಪುತ್ತದೆ. ವಿ.ಎಲ್.ಸಿ.ಯಂಥ ಬೇರೊಂದು ತಂತ್ರಾಂಶದಲ್ಲಿ ಹಾಡು ಕೇಳಿಸಿದರೆ ತಂತಿಯಿಂದ ವಿಂಡೋಸ್‌ವರೆಗಿನ ದಾರಿ ಬಹುಮಟ್ಟಿಗೆ ಸರಿಯಿದೆಯೆಂದು ತಿಳಿಯಬೇಕು. ದೋಷವನ್ನು ಸಂಗೀತ ತಂತ್ರಾಂಶದಲ್ಲಿ ಅಥವಾ ಅದಕ್ಕೆಂದೇ ಇರುವ ಡ್ರೈವರಿನಲ್ಲಿ ಹುಡುಕಬೇಕು. ಅಲ್ಲಿಯೂ ಕೇಳಿಸದಿದ್ದರೆ ‘ಡಿವೈಸ್ ಮ್ಯಾನೇಜರ್’ನಲ್ಲಿ ಸೌಂಡ್ ಕಾರ್ಡಿನ ಹೆಸರಿನ ಮುಂದೆ ಹಳದಿ ಗುರುತು ಇದೆಯೇ ಎಂದು ನೋಡಬೇಕು. ಸಂಗೀತ ತಂತ್ರಾಂಶದಲ್ಲಿ ಹೊಸ, ಖಾಲಿ ಪ್ರಾಜೆಕ್ಟ್ ತೆರೆಯುತ್ತದೆ, ಹಳೆಯದು ಮಾತ್ರ ತೆರೆಯುವುದಿಲ್ಲವೆಂದಾದರೆ ಸಂಶಯವು ಆ ಹಳೆಯ ಪ್ರಾಜೆಕ್ಟಿನಲ್ಲಿ ಬಳಸಿದ ಪ್ಲಗಿನ್‌ಗಳತ್ತ ತಿರುಗಬೇಕು. ಹೀಗೆ ಪ್ರತಿ ಉತ್ತರವೂ ಹುಡುಕಾಟದ ಹೊಲವನ್ನು ಕಿರಿದಾಗಿಸುತ್ತ ಹೋಗುತ್ತದೆ.

4. ಬಂದ ದಾರಿಯಲ್ಲಿ ಹಿಂದಿರುಗುವುದು. ಡ್ರೈವರ್ ಬದಲಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿಯಿಂದ ಹಳೆಯದಕ್ಕೆ ಮರಳಬಹುದು. ಮಾಸಿಕ ನವೀಕರಣವನ್ನು ಸಾಮಾನ್ಯವಾಗಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮೂಲಕ ತೆಗೆಯಬಹುದು. ವಿಂಡೋಸ್‌ನ ಆವೃತ್ತಿಯೇ ಬದಲಾಗಿದ್ದರೆ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಮಾತ್ರ ಇದೆ. ‘ಜಾತ್ರೆ ಮುಗಿಯಲಿ, ನೋಡಿದರಾಯಿತು’ ಎಂದು ಮುಂದೂಡುವವರು ಈ ಅವಧಿಯನ್ನು ನೆನಪಿನಲ್ಲಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕು. ಏಕಕಾಲಕ್ಕೆ ನಾಲ್ಕನ್ನು ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದಲೇ ಶುರು.

5. ಮರುಸ್ಥಾಪನೆ. ದೋಷ ಸಂಗೀತ ತಂತ್ರಾಂಶದಲ್ಲಿಯೇ ಇದೆಯೆಂದು ಖಚಿತವಾದ ಮೇಲೆ ಅದನ್ನು ತೆಗೆದು, ಮೊದಲಿದ್ದ ಆವೃತ್ತಿಯನ್ನೇ ಹಾಕಬೇಕು. ಹಳೆಯ ಆವೃತ್ತಿಯ ಸ್ಥಾಪನಾ ಕಡತವನ್ನು ಕಾದಿಟ್ಟುಕೊಂಡವರಿಗೆ ಮಾತ್ರ ಇದು ಸುಲಭ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶವು 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಿಂದ ಪ್ರಾಜೆಕ್ಟ್ ಕಡತದ ಸ್ವರೂಪವನ್ನೇ ಬದಲಾಯಿಸಿತು. ಹೊಸ ಸ್ವರೂಪದ ಕಡತವನ್ನು ಹಳೆಯ ಆವೃತ್ತಿ ತೆರೆಯಲಾರದು. ಆದ್ದರಿಂದ ಹೊಸ ಆವೃತ್ತಿಯಲ್ಲಿ ಯಾವಾಗಲೂ ಪ್ರಾಜೆಕ್ಟಿನ ನಕಲನ್ನು ಮಾತ್ರ ತೆರೆದು ನೋಡಬೇಕು. ಮುಗಿದ ಕೆಲಸವನ್ನು ಎಲ್ಲ ತಂತ್ರಾಂಶಗಳೂ ಓದಬಲ್ಲ ‘ವೇವ್’ ರೂಪದಲ್ಲಿಯೂ ಉಳಿಸಿಡಬೇಕು.

6. ಕಾಯುವುದು. ದೋಷವು ತಯಾರಕರದ್ದೇ ಆಗಿದ್ದರೆ, 2025ರ ಜನವರಿಯಲ್ಲಿ ಆದಂತೆ, ತಾತ್ಕಾಲಿಕ ಉಪಾಯದಿಂದ ದಿನ ನೂಕಿ ಪರಿಹಾರದ ನವೀಕರಣಕ್ಕಾಗಿ ಕಾಯುವುದೇ ಅಗ್ಗದ ದುರಸ್ತಿ.

ನವೀಕರಣ ಬೇಡವೇ?

ಇಷ್ಟು ಕೇಳಿದ ಮೇಲೆ ‘ಇರಲಾರದೆ ಇರುವೆ ಬಿಟ್ಟುಕೊಳ್ಳುವುದೇಕೆ, ನವೀಕರಣವನ್ನೇ ನಿಲ್ಲಿಸಿಬಿಟ್ಟರಾಯಿತು’ ಎಂಬ ವಾದ ಏಳುವುದು ಸಹಜ. ಇದಕ್ಕೆ ಉತ್ತರ 2017ರ ಮೇ ತಿಂಗಳಿನಲ್ಲಿದೆ. ಆಗ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ಲಕ್ಷಾಂತರ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಅದನ್ನು ತಡೆಯುವ ನವೀಕರಣವನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು ಹೊರತಂದಿತ್ತು. ಹಾಕಿಕೊಂಡವರು ಬಹುಪಾಲು ಪಾರಾದರು, ಮುಂದೂಡಿದವರು ಸಿಕ್ಕಿಬಿದ್ದರು. ಸಾಮಾನ್ಯ ಬಳಕೆದಾರರಿಗೆ ವಿಂಡೋಸ್ 10ರ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಸ್ಟೈನ್‌ಬರ್ಗ್ ಕಂಪನಿಯ ಸಂಗೀತ ತಂತ್ರಾಂಶಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಇ-ಲೈಸೆನ್ಸರ್’ ಸೇವೆಯೂ 2025ರ ಮೇ ತಿಂಗಳಲ್ಲಿ ನಿಂತಿತು. ಹಳೆಯದರಲ್ಲಿಯೇ ಎಂದೆಂದಿಗೂ ಉಳಿಯುವೆನೆಂಬ ಹಟಕ್ಕೂ ಒಂದು ದಿನ ಬೆಲೆ ತೆರಬೇಕಾಗುತ್ತದೆ.

ಎರಡು ಅತಿಗಳ ನಡುವಿನ ದಾರಿ ಎಂದರೆ ನವೀಕರಣಕ್ಕೆ ಕಾಲ ಗೊತ್ತುಪಡಿಸುವುದು. ಹತ್ತಿ ಗಿರಣಿಯ ಯಂತ್ರವನ್ನು ಹಂಗಾಮಿನ ನಡುವೆ ಯಾರೂ ಬಿಚ್ಚುವುದಿಲ್ಲ. ಸಂಗೀತದ ಅಂಗಡಿಗೂ ಹಂಗಾಮಿದೆ, ಬಿಡುವೂ ಇದೆ. ಆಷಾಢ, ಧನುರ್ಮಾಸ ಮತ್ತು ಪಿತೃಪಕ್ಷಗಳಲ್ಲಿ ಮದುವೆಗಳು ಕಡಿಮೆ. ಆವೃತ್ತಿ ಬದಲಾವಣೆಯಂಥ ದೊಡ್ಡ ನವೀಕರಣಗಳಿಗೆ ಈ ದಿನಗಳೇ ಯೋಗ್ಯ. ಮಾಸಿಕ ನವೀಕರಣಗಳನ್ನು ವಿಂಡೋಸ್‌ನಲ್ಲಿ ಕೆಲವು ವಾರಗಳ ಕಾಲ ತಡೆಹಿಡಿಯುವ ಸೌಲಭ್ಯವಿದೆ. ಅದನ್ನು ಬಳಸಿ, ಬಿಡುಗಡೆಯಾದ ಒಂದೆರಡು ವಾರಗಳ ನಂತರ, ಮುಂದಿನ ಎರಡು ದಿನ ಯಾವ ಮುಂಗಡದ ಕೆಲಸವೂ ಇಲ್ಲದಾಗ ನವೀಕರಿಸುವುದು ಜಾಣತನ.

ಇದೇ ಸೂತ್ರ ಉಳಿದ ವ್ಯಾಪಾರಸ್ಥರಿಗೂ ಅನ್ವಯಿಸುತ್ತದೆ. ತಿಂಗಳ ಎರಡನೆಯ ಮಂಗಳವಾರವು 8ರಿಂದ 14ನೆಯ ತಾರೀಖಿನ ಒಳಗೇ ಬರುತ್ತದೆ. ಮಾಸಿಕ ರಿಟರ್ನ್ ಸಲ್ಲಿಸುವ ಜಿ.ಎಸ್.ಟಿ. ವರ್ತಕರಿಗೆ ಜಿ.ಎಸ್.ಟಿ.ಆರ್-1ರ ಗಡುವು 11, ಜಿ.ಎಸ್.ಟಿ.ಆರ್-3ಬಿಯ ಗಡುವು 20. ಅಂದರೆ ಲೆಕ್ಕದ ಗಣಕಯಂತ್ರಕ್ಕೆ ಅತ್ಯಂತ ಹೆಚ್ಚು ಕೆಲಸವಿರುವ ದಿನಗಳಲ್ಲಿಯೇ ನವೀಕರಣ ಬಂದು ಬಾಗಿಲು ತಟ್ಟುತ್ತದೆ. 20ನೆಯ ತಾರೀಖಿನ ನಂತರ ಅದನ್ನು ಒಳಗೆ ಕರೆದರೆ ಗಡುವೂ ಮುಗಿದಿರುತ್ತದೆ. ನವೀಕರಣದಲ್ಲಿ ದೊಡ್ಡ ದೋಷವೇನಾದರೂ ಇದ್ದರೆ ಅದು ಬಯಲಾಗಲು ಸಮಯವೂ ಸಿಕ್ಕಿರುತ್ತದೆ.

ಗ್ರಾಮೀಣ ಭಾಗದಲ್ಲಿ ಇನ್ನೆರಡು ಮುನ್ನೆಚ್ಚರಿಕೆಗಳು ಬೇಕು. ನವೀಕರಣದ ನಡುವೆ ವಿದ್ಯುತ್ ಹೋದರೆ ಅರ್ಧಕ್ಕೆ ನಿಂತ ಕಡತಗಳಿಂದ ಯಂತ್ರ ಆರಂಭವಾಗದೇ ಹೋಗಬಹುದು, ಸುಸ್ಥಿತಿಯಲ್ಲಿರುವ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಮೊಬೈಲಿನ ಇಂಟರ್‌ನೆಟ್ಟನ್ನು ಹಂಚಿಕೊಂಡು ನಡೆಸುವ ಅಂಗಡಿಗಳು ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಬೇಕು. ಇದರಿಂದ ಬಹುತೇಕ ದೊಡ್ಡ ನವೀಕರಣಗಳು ಹೇಳದೆ ಕೇಳದೆ ಇಳಿಯುವುದು ತಪ್ಪುತ್ತದೆ.

ಲೆಕ್ಕದ ಮಾತು

ಉದಾಹರಣೆಗೆ, ಹಂಗಾಮಿನಲ್ಲಿ ದಿನಕ್ಕೆ 4,000 ರೂಪಾಯಿ ಗಳಿಸುವ ಅಂಗಡಿಯೊಂದು ಐದು ದಿನ ನಿಂತರೆ 20,000 ರೂಪಾಯಿಗಳ ಗಳಿಕೆ ಹೋಯಿತು. ಇಬ್ಬರು ಕೆಲಸಗಾರರಿಗೆ ದಿನಕ್ಕೆ ತಲಾ 500 ರೂಪಾಯಿಯಂತೆ 5,000 ರೂಪಾಯಿ ಪಗಾರ ಕೊಡಲೇಬೇಕು. ಮರಳಿಸಬೇಕಾದ ಮುಂಗಡ ಬೇರೆ. ಎರಡು ಹಾರ್ಡ್ ಡಿಸ್ಕುಗಳಿಗೆ 10,000 ರೂಪಾಯಿ ವೆಚ್ಚವಾಗುತ್ತದೆಂದು ಹಿಡಿದರೂ, ಅವು ಹಲವು ವರ್ಷ ಬಾಳುತ್ತವೆ. ವಿಮೆಯ ಕಂತು ಕಟ್ಟಿದಂತೆ ಇದನ್ನು ಭಾವಿಸಬೇಕು. ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ನಕಲು ಮುಗಿದ ಮೇಲೆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿಯೇ ಇಡಬೇಕು. ಜೋಡಿಸಿಯೇ ಬಿಟ್ಟ ಡಿಸ್ಕು ವೈರಸ್ಸಿಗೂ ಮಿಂಚಿಗೂ ಗಣಕಯಂತ್ರದಷ್ಟೇ ಸುಲಭದ ತುತ್ತು.

ತೆರಿಗೆಯ ದೃಷ್ಟಿಯಿಂದಲೂ ಕೆಲವು ಅಂಶಗಳು ಗಮನಾರ್ಹ. ಗಣಕಯಂತ್ರ ಮತ್ತು ತಂತ್ರಾಂಶಗಳ ಸವಕಳಿ ದರವು 2017-18ನೆಯ ಆರ್ಥಿಕ ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಯಿತು. ಅಂದಾಜು ಆದಾಯ ಯೋಜನೆಯಡಿ ಶೇ. 8 ಅಥವಾ ಶೇ. 6ರಷ್ಟು ಲಾಭ ತೋರಿಸುವ ಸಣ್ಣ ವ್ಯಾಪಾರಸ್ಥರಿಗೆ ಸವಕಳಿಯೂ ಅದರೊಳಗೇ ಸೇರಿದೆಯೆಂದು ಕಾಯ್ದೆ ಭಾವಿಸುವುದರಿಂದ ಪ್ರತ್ಯೇಕ ಕಡಿತವಿಲ್ಲ. ಜಿ.ಎಸ್.ಟಿ. ನೋಂದಣಿ ಇರುವವರು ತಂತ್ರಾಂಶ ಖರೀದಿಯ ಬಿಲ್ಲನ್ನು ತಮ್ಮ ನೋಂದಣಿ ಸಂಖ್ಯೆಯೊಂದಿಗೆ ಪಡೆದರೆ, ನಿಯಮಗಳಿಗೆ ಒಳಪಟ್ಟು, ಅದರ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೊಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ.

ಕದ್ದ ನಕಲು ತಂತ್ರಾಂಶ ಬಳಸುವವರ ಸ್ಥಿತಿ ಇನ್ನೂ ಕಷ್ಟದ್ದು. ನವೀಕರಣವಾದ ಮರುದಿನ ಅಂಥ ತಂತ್ರಾಂಶ ಬಾಗಿಲು ಮುಚ್ಚಿದರೆ ದೂರು ಕೊಡಲು ಎಲ್ಲಿಯೂ ಜಾಗವಿಲ್ಲ. ಕೃತಿಸ್ವಾಮ್ಯ ಕಾಯ್ದೆ, 1957ರ 63ಬಿ ಕಲಮಿನ ಪ್ರಕಾರ ಅಕ್ರಮ ನಕಲೆಂದು ತಿಳಿದೂ ಬಳಸುವುದು ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸಕ್ಕೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳ ದಂಡಕ್ಕೂ ಅದರಲ್ಲಿ ಅವಕಾಶವಿದೆ. ನ್ಯಾಯವಾಗಿ ಕೊಂಡವರಿಗೆ ಅದೇ ಕಾಯ್ದೆ ರಕ್ಷಣೆ ನೀಡುತ್ತದೆ: ಹಾನಿಯ ವಿರುದ್ಧ ರಕ್ಷಣೆಗಾಗಿ ತಂತ್ರಾಂಶದ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು 52ನೆಯ ಕಲಂ ಅನುಮತಿ ಕೊಟ್ಟಿದೆ. ಹಣ ಹೂಡಲಾಗದವರಿಗೆ ಆಡಾಸಿಟಿಯಂಥ ಉಚಿತ ತಂತ್ರಾಂಶಗಳ ದಾರಿ ತೆರೆದೇ ಇದೆ.

ಲೆಕ್ಕಪತ್ರಗಳ ಬ್ಯಾಕಪ್ಪಂತೂ ವರ್ತಕರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಜಿ.ಎಸ್.ಟಿ. ಕಾಯ್ದೆಯಡಿ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳನ್ನು ಕಾದಿಡಬೇಕು. ಗಣಕಯಂತ್ರದಲ್ಲಿ ದಾಖಲೆ ಇಡುವವರು, ಅವಘಡದಲ್ಲಿ ಅವು ನಾಶವಾದರೂ ಯೋಗ್ಯ ಅವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕೆಂದು ನಿಯಮ 57 ಹೇಳುತ್ತದೆ. ‘ಅಪ್‌ಡೇಟ್ ಆಗಿ ಎಲ್ಲ ಹೋಯಿತು’ ಎಂಬುದು ಅಧಿಕಾರಿಯ ಮುಂದೆ ನಿಲ್ಲುವ ಉತ್ತರವಲ್ಲ.

ಬ್ಯಾಕಪ್ ಇದೆಯೆಂದು ನಂಬಿ ಕುಳಿತರೂ ಸಾಲದು. ದಾಸ್ತಾನು ಎಣಿಸಿದಂತೆ ಅದನ್ನೂ ಎಣಿಸಿ ನೋಡಬೇಕು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಒಂದು ಹಳೆಯ ಹಾಡನ್ನು ಪೂರ್ತಿಯಾಗಿ ಕೇಳಬೇಕು. ಲೆಕ್ಕದ ಕಡತವಾದರೆ ಒಂದು ತಿಂಗಳ ಖಾತೆ ತೆರೆದು ಬಾಕಿ ತಾಳೆ ನೋಡಬೇಕು. ತೆರೆಯದಿದ್ದರೆ ಅದು ಬ್ಯಾಕಪ್ ಅಲ್ಲವೆಂದೇ ತಿಳಿದು ಅಂದೇ ಹೊಸದನ್ನು ಮಾಡಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪ್ರಸಂಗ ಬಾರದಂತೆ ಈ ಕೆಲಸಕ್ಕೆ ಮುಂದಿನ ಆಷಾಢದವರೆಗೂ ಕಾಯದೆ, ಬರುವ 20ನೆಯ ತಾರೀಖಿನ ಮರುದಿನವನ್ನೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.